ಪಿಕಪ್ ಗಾಡಿಯ ಹಿಂದಿನ ಬ್ಲೇಡ್ ಸೆಟ್ ಬಲಪಡಿಸುವ ಬಗ್ಗೆ: ಎರಡು ಬ್ಲೇಡ್ ಸೇರಿಸಿದರೆ ಸಾಕೇ?

ತೀರ್ಥಹಳ್ಳಿ ತೋಟಿಗ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ 1.7 ಟನ್ ಸಾಮರ್ಥ್ಯದ, ಏಳು ವರ್ಷ ಹಳೆಯದಾದ ಪಿಕಪ್ ಗಾಡಿಯೊಂದಿದೆ. ಕೊಯ್ಲಿನ ಕಾಲದಲ್ಲಿ ಹಸಿ ಅಡಿಕೆ, ಅದು ಮುಗಿದ ಮೇಲೆ ಗೊಬ್ಬರದ ಚೀಲ, ಬೇಸಿಗೆಯಲ್ಲಿ ಸಸಿಗಳಿಗೆ ನೀರಿನ ಟ್ಯಾಂಕು, ನಡುವೆ ಯಾರದಾದರೂ ಮನೆ ಕಟ್ಟುವ ಕೆಲಸವಿದ್ದರೆ ಜಂಬಿಟ್ಟಿಗೆ ಕಲ್ಲು, ಹೀಗೆ ವರ್ಷವಿಡೀ ಅದಕ್ಕೆ ದುಡಿಮೆಯಿದೆ. ಈಚೆಗೆ ಲೋಡ್ ತುಂಬಿದಾಗ ಗಾಡಿಯ ಹಿಂಭಾಗ ವಿಪರೀತ ಕುಸಿಯುತ್ತಿದೆ. ಹೊಂಡಕ್ಕೆ ಇಳಿದಾಗಲೆಲ್ಲ ಆಕ್ಸಲ್ (ಎರಡು ಹಿಂದಿನ ಚಕ್ರಗಳನ್ನು ಜೋಡಿಸುವ ಅಚ್ಚು) ಮೇಲೆದ್ದು ಬಂಪ್ ರಬ್ಬರಿಗೆ, ಅಂದರೆ ಅದರ ಮೇಲಿರುವ ತಡೆ ರಬ್ಬರಿಗೆ, ಬಡಿದ ಸದ್ದು ಕೇಳುತ್ತದೆ. ರಾತ್ರಿ ಹೊತ್ತು ಹೆಡ್‌ಲೈಟಿನ ಬೆಳಕು ರಸ್ತೆಯ ಮೇಲೆ ಬೀಳುವುದನ್ನು ಬಿಟ್ಟು ಮರದ ಕೊಂಬೆಗಳಿಗೆ ಬೀಳುತ್ತದೆ. ಆಗುಂಬೆ ಘಾಟಿಯ ತಿರುವುಗಳಲ್ಲಿ ಸ್ಟಿಯರಿಂಗ್ ಹಗುರವಾಗಿ, ಮುಂದಿನ ಚಕ್ರಗಳು ಹೇಳಿದ ಮಾತು ಕೇಳುವುದು ಸ್ವಲ್ಪ ತಡವಾಗುತ್ತಿದೆ ಎಂಬ ಅಳುಕು ಹುಟ್ಟಿದೆ.

ನಮ್ಮ ಮೆಕ್ಯಾನಿಕ್ ಹೇಳುವುದು, ಭಾರ ಹೊರುವ ಬ್ಲೇಡ್ ಸೆಟ್ಟಿಗೆ (ಆಕ್ಸಲ್ಲಿಗೂ ಗಾಡಿಯ ಚೌಕಟ್ಟಾದ ಚಾಸಿಗೂ ನಡುವೆ ಒಂದರ ಮೇಲೊಂದು ಪೇರಿಸಿದ ಕಮಾನಿನಂಥ ಉಕ್ಕಿನ ಪಟ್ಟಿಗಳು) ಪ್ರತಿ ಬದಿಗೆ ಎರಡೆರಡು ಲಾರಿ ಬ್ಲೇಡ್ ಕತ್ತರಿಸಿ ಸೇರಿಸಿಬಿಟ್ಟರೆ ಎರಡೂವರೆ ಟನ್ ಹಾಕಿದರೂ ಗಾಡಿ ಅಲುಗುವುದಿಲ್ಲ ಎಂದು. ಇನ್ನೊಬ್ಬರು ಹಿಂದಿನ ಆಕ್ಸಲ್ಲಿಗೆ ಗಾಳಿ ತುಂಬುವ ರಬ್ಬರ್ ಚೀಲ ಕೂರಿಸಿ ಎನ್ನುತ್ತಾರೆ. ಮತ್ತೊಬ್ಬರ ಪ್ರಕಾರ ಶಾಕ್ ಅಬ್ಸಾರ್ಬರ್ ಬದಲಾಯಿಸಿದರೆ ಸಾಕು. ಇವುಗಳಲ್ಲಿ ಯಾವುದನ್ನು ಮಾಡಿಸಿದರೆ ನಿಜವಾಗಿ ಪ್ರಯೋಜನವಾದೀತು, ಹಾಗೆ ಮಾಡಿಸಿದ ಮೇಲೆ ಹೆಚ್ಚು ಲೋಡ್ ಹಾಕಬಹುದೇ, ಎಫ್‌ಸಿಗೆ (ಗಾಡಿಯ ಫಿಟ್‌ನೆಸ್ ಪರೀಕ್ಷೆಗೆ) ಹೋದಾಗ ಆರ್‌ಟಿಒ ಕಚೇರಿಯಲ್ಲಿ ತಕರಾರು ಬಂದೀತೇ ಎಂಬುದನ್ನು ಅನುಭವಸ್ಥರು ತಿಳಿಸಿಕೊಡಬೇಕಾಗಿ ವಿನಂತಿ.

ಬ್ಲೇಡ್ ಕೆಲಸದವ, ಶಿವಮೊಗ್ಗ

ತೋಟಿಗರೇ, ಹೊಸ ಬ್ಲೇಡ್ ಸೇರಿಸುವ ಮಾತಿಗಿಂತ ಮೊದಲು ಈಗಿರುವ ಬ್ಲೇಡ್ ಸೆಟ್ ಯಾವ ಸ್ಥಿತಿಯಲ್ಲಿದೆ ಎಂಬುದನ್ನು ನೋಡಬೇಕು. ಏಳು ವರ್ಷ ಮಲೆನಾಡಿನ ರಸ್ತೆಯಲ್ಲಿ ಲೋಡ್ ಹೊತ್ತ ಬ್ಲೇಡು ತನ್ನ ಕಮಾನನ್ನು ಕಳೆದುಕೊಂಡಿರುವುದು ಸಹಜ. ಗಾಡಿಯನ್ನು ಖಾಲಿ ಮಾಡಿ, ಸಮತಟ್ಟಾದ ಸಿಮೆಂಟ್ ನೆಲದ ಮೇಲೆ ನಿಲ್ಲಿಸಿ, ಹಿಂದಿನ ಚಕ್ರದ ನಟ್ಟನಡುವಿನಿಂದ ಬಾಡಿಯ ಅಂಚಿನವರೆಗೆ ಎರಡೂ ಬದಿಯಲ್ಲಿ ಟೇಪು ಹಿಡಿದು ಅಳೆಯಿರಿ. ಒಂದು ಬದಿಗೂ ಇನ್ನೊಂದಕ್ಕೂ ಒಂದೂವರೆ ಸೆಂಟಿಮೀಟರಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಆ ಬದಿಯಲ್ಲಿ ಒಂದು ಬ್ಲೇಡ್ ಒಳಗೊಳಗೇ ಕಟ್ಟಾಗಿರುವ ಸಾಧ್ಯತೆಯಿದೆ. ಇದೇ ಮಾದರಿಯ, ಕಡಿಮೆ ಓಡಿದ ಗಾಡಿಯೊಂದು ನಿಮ್ಮ ಊರಿನಲ್ಲಿ ಇದ್ದೇ ಇರುತ್ತದೆ. ಅದನ್ನೂ ಖಾಲಿಯಿರುವಾಗ ಅಳೆದು ಹೋಲಿಸಿದರೆ ನಿಮ್ಮ ಬ್ಲೇಡು ಎಷ್ಟು ಸೋತಿದೆ ಎಂಬುದು ಗೊತ್ತಾಗುತ್ತದೆ.

ಬ್ಲೇಡ್ ಕಟ್ಟಾದದ್ದು ಹೊರಗಿನಿಂದ ಕಾಣಿಸುವುದೇ ಇಲ್ಲವೆನ್ನಬಹುದು. ಕೆಸರು ತೊಳೆದು, ವೈರ್ ಬ್ರಶ್ಶಿನಲ್ಲಿ ಉಜ್ಜಿ, ಬ್ಲೇಡುಗಳನ್ನು ನಡುವಿನಲ್ಲಿ ಪೋಣಿಸಿರುವ ಸೆಂಟರ್ ಬೋಲ್ಟಿನ ಆಸುಪಾಸಿನಲ್ಲಿ ಮತ್ತು ಕ್ಲಿಪ್ಪುಗಳ ಅಡಿಯಲ್ಲಿ ಗೀರು ಹಿಡಿದಿದೆಯೇ ಎಂದು ನೋಡಬೇಕು. ಬ್ಲೇಡಿನ ತುದಿಯ ಶಾಕಲ್ ಕೊಂಡಿಯ ಬುಷ್ ಸವೆದು ಪಿನ್ನು ಅಲುಗುತ್ತಿದೆಯೇ, ಬ್ಲೇಡಿನ ತುದಿಯನ್ನು ಹಿಡಿಯುವ ಹ್ಯಾಂಗರ್ ಬ್ರಾಕೆಟ್ ಚಾಸಿಗೆ ಸೇರುವ ಜಾಗದಲ್ಲಿ ತುಕ್ಕಿನ ಗೆರೆ ಮೂಡಿದೆಯೇ ಎಂಬುದನ್ನೂ ಆಗಲೇ ಪರೀಕ್ಷಿಸಿ. ಅಂತಹ ಗೆರೆಯಿದ್ದರೆ ಅದು ಚಾಸಿ ಸೀಳತೊಡಗಿದ ಗುರುತು. ಹಾಗಿದ್ದಾಗ ಬ್ಲೇಡನ್ನು ಬಲಪಡಿಸಿದರೆ ಆ ಸೀಳು ಇನ್ನೂ ಬೇಗ ಬೆಳೆಯುತ್ತದೆ.

ಸೋತ ಬ್ಲೇಡಿಗೆ ಎರಡು ದಾರಿಗಳಿವೆ. ಒಂದು, ಅದೇ ಅಳತೆಯ ಹೊಸ ಸೆಟ್ ಹಾಕುವುದು. ಇನ್ನೊಂದು, ಹಳೆಯದಕ್ಕೇ ಮತ್ತೆ ಕಮಾನು ಕೊಡಿಸುವುದು. ಹಲವೆಡೆ ತಣ್ಣಗಿರುವ ಬ್ಲೇಡನ್ನೇ ಅಡಿಗಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಹೊಡೆದು ಬಾಗಿಸಿಕೊಡುತ್ತಾರೆ. ಅದು ಕೆಲವು ತಿಂಗಳು ನಿಂತು, ಆಮೇಲೆ ಮೊದಲಿನಂತೆಯೇ ಮಲಗುತ್ತದೆ. ಹೊಡೆತ ಬಿದ್ದ ಗುರುತುಗಳಿಂದಲೇ ಮುಂದೆ ಬಿರುಕು ಶುರುವಾಗುವುದೂ ಉಂಟು. ಸರಿಯಾಗಿ ಮಾಡಬೇಕೆಂದರೆ ಬ್ಲೇಡನ್ನು ಕುಲುಮೆಯಲ್ಲಿ ಸಮನಾಗಿ ಕೆಂಪಗೆ ಕಾಯಿಸಿ, ಬಾಗಿಸಿ, ಎಣ್ಣೆಯಲ್ಲಿ ಅದ್ದಿ, ಅನಂತರ ಕಡಿಮೆ ಶಾಖದಲ್ಲಿ ಮತ್ತೊಮ್ಮೆ ಕಾಯಿಸಿ ಟೆಂಪರ್ (ಮುರಿಯದೆ ಬಾಗುವ ಗುಣ) ಕೊಡಬೇಕು. ಎಣ್ಣೆಯಲ್ಲಿ ಅದ್ದಿ ಅಷ್ಟಕ್ಕೇ ಬಿಟ್ಟ ಬ್ಲೇಡು ಗಡುಸಾಗಿರುತ್ತದೆ, ಆದರೆ ಹೊಂಡಕ್ಕೆ ಬಿದ್ದಾಗ ಗಾಜಿನಂತೆ ತುಂಡಾಗುತ್ತದೆ. ಶಾಖ ಅಳೆಯುವ ವ್ಯವಸ್ಥೆಯುಳ್ಳ ಕುಲುಮೆ ಇಲ್ಲದ ಕಡೆ ಈ ಕೆಲಸ ಮಾಡಿಸುವುದಕ್ಕಿಂತ ಹೊಸ ಸೆಟ್ಟಿಗೇ ಹಣ ಹಾಕುವುದು ಮೇಲು ಎಂಬುದು ಈ ಕಸುಬಿನಲ್ಲಿರುವವನಾಗಿ ನನ್ನ ಅಭಿಪ್ರಾಯ.

ಲಾರಿ ಬ್ಲೇಡನ್ನು ಕತ್ತರಿಸಿ ಹಾಕುವ ಸಲಹೆಯನ್ನು ಮಾತ್ರ ದಯವಿಟ್ಟು ಒಪ್ಪಬೇಡಿ. ಅದರ ಅಗಲ ಬೇರೆ, ದಪ್ಪ ಬೇರೆ, ಕಮಾನೂ ಬೇರೆ. ಗ್ಯಾಸ್ ಕಟರಿನಿಂದ ಕತ್ತರಿಸಿದ ತುದಿಯಲ್ಲಿ ಟೆಂಪರ್ ಹೋಗಿರುತ್ತದೆ, ಮತ್ತು ಆ ಒರಟು ಅಂಚು ಮೇಲಿನ ಬ್ಲೇಡನ್ನು ತಿನ್ನುತ್ತಾ ಹೋಗುತ್ತದೆ. ಒಂದು ಬ್ಲೇಡ್ ಸೇರಿಸಲೇಬೇಕೆಂದರೆ ಅದೇ ಅಗಲದ, ಅದೇ ದಪ್ಪದ, ಮೇಲಿನದಕ್ಕಿಂತ ಗಿಡ್ಡ ಮತ್ತು ಕೆಳಗಿನದಕ್ಕಿಂತ ಉದ್ದವಾಗುವಂಥದ್ದನ್ನು ಮೆಟ್ಟಿಲು ತಪ್ಪದಂತೆ ನಡುವೆ ಸೇರಿಸಿ, ಉದ್ದನೆಯ ಹೊಸ ಸೆಂಟರ್ ಬೋಲ್ಟ್ ಮತ್ತು ಸೆಟ್ಟನ್ನು ಆಕ್ಸಲ್ಲಿಗೆ ಬಿಗಿಯುವ ಹೊಸ ಯು ಬೋಲ್ಟುಗಳನ್ನೇ ಹಾಕಿಸಬೇಕು.

ಮೆಕ್ಯಾನಿಕಲ್ ಮೇಷ್ಟ್ರು, ಹಾಸನ

ಮೇಲಿನವರು ಕಸುಬಿನ ಮಾತನ್ನು ಚೆನ್ನಾಗಿ ಹೇಳಿದ್ದಾರೆ. ಪಾಲಿಟೆಕ್ನಿಕ್ಕಿನಲ್ಲಿ ಆಟೊಮೊಬೈಲ್ ವಿಷಯವನ್ನು ಬಹುಕಾಲ ಕಲಿಸಿದವನಾದ ನಾನು ಲೆಕ್ಕದ ಭಾಗವನ್ನು ಸೇರಿಸುತ್ತೇನೆ.

ಎರಡು ಬ್ಲೇಡ್ ಹೆಚ್ಚಿಸಿದರೆ ಎಷ್ಟು ಕುಸಿತ ಕಡಿಮೆಯಾಗುತ್ತದೆ ಎಂಬುದನ್ನು ನೋಡೋಣ. ಒಂದು ಬದಿಯ ಸೆಟ್ಟಿನಲ್ಲಿ ಒಂದೇ ದಪ್ಪದ ಆರು ಬ್ಲೇಡುಗಳಿವೆ, ಅದು ಪ್ರತಿ ಮಿಲಿಮೀಟರ್ ಕುಸಿತಕ್ಕೆ 10 ಕಿಲೋ ಭಾರ ತಾಳುತ್ತದೆ ಎಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳಿ. ಆ ಬದಿಗೆ 700 ಕಿಲೋ ಬಿದ್ದಾಗ ಗಾಡಿ 70 ಮಿಲಿಮೀಟರ್ ಕುಸಿಯುತ್ತದೆ. ಅದೇ ದಪ್ಪದ ಇನ್ನೆರಡು ಸೇರಿದರೆ ಸೆಟ್ಟಿನ ಬಿಗಿ (ಬಾಗದೆ ತಡೆಯುವ ಶಕ್ತಿ) ಹೆಚ್ಚೆಂದರೆ ಮೂರನೇ ಒಂದು ಪಾಲು ಏರಿ, ಕುಸಿತ ಸುಮಾರು 52 ಮಿಲಿಮೀಟರಿಗೆ ಬರುತ್ತದೆ. ಅಂದರೆ ಇಷ್ಟೆಲ್ಲ ಮಾಡಿಸಿ ಉಳಿಯುವುದು ಎರಡು ಸೆಂಟಿಮೀಟರಿಗೂ ಕಡಿಮೆ. ಹಳೆಯ ಸೆಟ್ಟು ತನ್ನ ಕಮಾನಿನಲ್ಲಿಯೇ ಮೂರು ಸೆಂಟಿಮೀಟರ್ ಕಳೆದುಕೊಂಡಿದ್ದರೆ, ಅದನ್ನು ಹಾಗೆಯೇ ಬಿಟ್ಟು ಮೇಲೆ ಬ್ಲೇಡ್ ಪೇರಿಸಿದರೆ ಗಾಡಿ ಹೊಸದರಷ್ಟು ಎತ್ತರಕ್ಕೂ ಬರುವುದಿಲ್ಲ.

ದಪ್ಪದ ವಿಷಯ ಇನ್ನೂ ಸೂಕ್ಷ್ಮವಾದುದು. ಬ್ಲೇಡಿನ ಬಿಗಿಯು ದಪ್ಪದ ಘನಕ್ಕೆ ಅನುಗುಣವಾಗಿ ಏರುತ್ತದೆ. 8 ಮಿಲಿಮೀಟರಿನ ಜಾಗದಲ್ಲಿ 10 ಮಿಲಿಮೀಟರಿನ ಬ್ಲೇಡ್ ಹಾಕಿದರೆ ದಪ್ಪ ಹೆಚ್ಚಿದ್ದು ಕಾಲು ಭಾಗ ಮಾತ್ರ, ಆದರೆ ಅದೊಂದರ ಬಿಗಿ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ. ಸೆಟ್ಟಿನ ಎಲ್ಲ ಬ್ಲೇಡುಗಳೂ ಒಟ್ಟಿಗೇ ಬಾಗಲೇಬೇಕಾದ್ದರಿಂದ ಆ ದಪ್ಪ ಬ್ಲೇಡು ತನ್ನ ಪಾಲಿಗಿಂತ ಹೆಚ್ಚು ಭಾರವನ್ನು ಎಳೆದುಕೊಳ್ಳುತ್ತದೆ, ಅದರ ಮೇಲ್ಮೈಯಲ್ಲಿ ಒತ್ತಡವೂ ಉಳಿದವುಗಳಿಗಿಂತ ಕಾಲು ಭಾಗ ಹೆಚ್ಚಾಗಿರುತ್ತದೆ. ಲಾರಿ ಬ್ಲೇಡ್ ಹಾಕಿಸಿದವರ ಗಾಡಿಯಲ್ಲಿ ಆ ಲಾರಿ ಬ್ಲೇಡೇ ಮೊದಲು ಕಟ್ಟಾಗುವುದನ್ನು ಕಂಡು ಮಾಲು ಕಳಪೆಯೆಂದು ಬೈಯುವವರಿದ್ದಾರೆ, ಕಾರಣ ಇಲ್ಲಿದೆ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ, ಹೆಚ್ಚು ಲೋಡ್ ಹಾಕಬಹುದೇ ಎಂಬುದು. ಹಾಕಬಾರದು. ಗಾಡಿಯ ಮಿತಿಯನ್ನು ಬ್ಲೇಡ್ ಒಂದೇ ನಿರ್ಧರಿಸುವುದಿಲ್ಲ. ಟೈರು, ರಿಮ್ಮು, ವೀಲ್ ಬೇರಿಂಗ್, ಆಕ್ಸಲ್ ಹೌಸಿಂಗ್, ಚಾಸಿ, ಬ್ರೇಕು ಇವುಗಳಲ್ಲಿ ಯಾವುದು ಮೊದಲು ಸೋಲುತ್ತದೆಯೋ ಅದರ ಮಿತಿಯೇ ಗಾಡಿಯ ಮಿತಿ. ಟೈರಿನ ಬದಿಯಲ್ಲಿ ಅಳತೆಯ ಪಕ್ಕದಲ್ಲಿ ಬರೆದಿರುವ ಸಂಖ್ಯೆಯನ್ನು ನೋಡಿ: 104 ಎಂದಿದ್ದರೆ ಒಂದು ಟೈರು 900 ಕಿಲೋ, 109 ಎಂದಿದ್ದರೆ 1,030 ಕಿಲೋ, 112 ಎಂದಿದ್ದರೆ 1,120 ಕಿಲೋ, 115 ಎಂದಿದ್ದರೆ 1,215 ಕಿಲೋ ಹೊರಬಲ್ಲದು, ಅದೂ ಕಂಪನಿ ಹೇಳಿದಷ್ಟು ಗಾಳಿ ತುಂಬಿದ್ದರೆ. ಬ್ಲೇಡ್ ಬಲಪಡಿಸಿದಾಗ ಈ ಯಾವುದೂ ಬದಲಾಗುವುದಿಲ್ಲ. ಭಾರ ಅತಿಯಾಯಿತು ಎಂದು ಕಣ್ಣಿಗೆ ಕಾಣಿಸುತ್ತಿದ್ದ ಗುರುತು ಮಾತ್ರ ಮಾಯವಾಗುತ್ತದೆ.

ಬ್ರೇಕಿನ ಬಗ್ಗೆ ಒಂದು ಸಂಗತಿಯನ್ನು ಗ್ಯಾರೇಜುಗಳಲ್ಲಿ ಯಾರೂ ಹೇಳುವುದಿಲ್ಲವಾದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಅನೇಕ ಪಿಕಪ್‌ಗಳಲ್ಲಿ ಹಿಂದಿನ ಆಕ್ಸಲ್ಲಿನಿಂದ ಚಾಸಿಯ ಮೇಲಿರುವ ಒಂದು ವಾಲ್ವಿಗೆ ತೆಳುವಾದ ಸರಳು ಅಥವಾ ಸ್ಪ್ರಿಂಗು ಜೋಡಿಸಿರುತ್ತಾರೆ. ಲೋಡ್ ಬಿದ್ದು ಚಾಸಿ ಆಕ್ಸಲ್ಲಿಗೆ ಹತ್ತಿರವಾದಷ್ಟೂ ಆ ವಾಲ್ವು ಹಿಂದಿನ ಚಕ್ರಗಳಿಗೆ ಹೆಚ್ಚು ಬ್ರೇಕ್ ಒತ್ತಡವನ್ನು ಬಿಡುತ್ತದೆ. ಖಾಲಿಯಿದ್ದಾಗ ಹಿಂದಿನ ಚಕ್ರಗಳು ಕಚ್ಚಿಕೊಂಡು ಜಾರದಂತೆ ಒತ್ತಡವನ್ನು ತಡೆದು ಕಡಿಮೆ ಮಾಡುತ್ತದೆ. ಅದು ಭಾರವನ್ನು ತೂಗುವುದಿಲ್ಲ, ಎತ್ತರವನ್ನಷ್ಟೇ ಅಳೆಯುತ್ತದೆ. ನೀವು ಬ್ಲೇಡ್ ಸೇರಿಸಿ ಹಿಂಭಾಗವನ್ನು ಎತ್ತರಿಸಿಬಿಟ್ಟರೆ, ಎರಡು ಟನ್ ಹೇರಿದ್ದರೂ ಆ ವಾಲ್ವು ಗಾಡಿ ಅರ್ಧ ಖಾಲಿಯಿದೆ ಎಂದೇ ತಿಳಿದು ಹಿಂದಿನ ಬ್ರೇಕನ್ನು ತಡೆಯುತ್ತದೆ. ಆಗುಂಬೆಯ ಹದಿನಾಲ್ಕು ತಿರುವುಗಳನ್ನು ಇಳಿಯುವಾಗ ಇಡೀ ಗಾಡಿಯನ್ನು ಹಿಡಿಯುವ ಕೆಲಸ ಮುಂದಿನ ಬ್ರೇಕುಗಳ ಪಾಲಿಗೆ ಬಂದು, ಅವು ಕಾದು, ಪೆಡಲ್ ಒತ್ತಿದರೂ ಹಿಡಿತ ಸಿಗದಂತಾಗಬಹುದು. ನಿಮ್ಮ ಗಾಡಿಯಲ್ಲಿ ಈ ವಾಲ್ವು ಇದ್ದರೆ, ಬ್ಲೇಡ್ ಕೆಲಸ ಮುಗಿದ ದಿನವೇ ಸರ್ವಿಸ್ ಪುಸ್ತಕದಲ್ಲಿರುವ ಅಳತೆಗೆ ಅದನ್ನು ಹೊಂದಿಸಲೇಬೇಕು.

ಶಾಕ್ ಅಬ್ಸಾರ್ಬರ್ ಭಾರ ಹೊರುವ ಅಂಗವಲ್ಲ. ಕುಸಿದು ಎದ್ದ ಬ್ಲೇಡು ಮತ್ತೆ ಮತ್ತೆ ಕುಣಿಯದಂತೆ ತಡೆಯುವುದು ಅದರ ಕೆಲಸ. ಸೋರಿದ್ದರೆ ಬದಲಾಯಿಸಿ, ಅದರಿಂದ ಗಾಡಿಯ ಎತ್ತರ ಬದಲಾಗದು.

ಟೊಮೆಟೊ ಗಾಡಿ, ಕೋಲಾರ

ಮೇಷ್ಟ್ರೇ, ತಮ್ಮ ಲೆಕ್ಕದಲ್ಲಿ ತಪ್ಪು ಹುಡುಕುವಷ್ಟು ನಾನು ಓದಿದವನಲ್ಲ. ಆದರೆ ಕೋಲಾರದ ಎಪಿಎಂಸಿಯ ಮುಂದೆ ಸುಗ್ಗಿಯ ದಿನ ಬಂದು ನಿಂತರೆ ಬ್ಲೇಡ್ ಸೇರಿಸದ ಪಿಕಪ್ ಸಿಗುವುದು ಅಪರೂಪ ಎಂಬುದನ್ನೂ ಹೇಳಬೇಕಾಗುತ್ತದೆ. ಎಲ್ಲರೂ ಅತಿಭಾರ ಹೇರುವ ಆಸೆಯಿಂದಲೇ ಸೇರಿಸುತ್ತಾರೆ ಎನ್ನಲಾಗದು. ಟೊಮೆಟೊ ಕ್ರೇಟುಗಳನ್ನು ಪೇರಿಸಿದಾಗ ಲೋಡು ಮೇಲಕ್ಕೆ ಏರುತ್ತದೆ. ತೂಕ ಮಿತಿಯೊಳಗೇ ಇದ್ದರೂ ತಿರುವಿನಲ್ಲಿ ಗಾಡಿ ಒಂದು ಬದಿಗೆ ವಾಲುತ್ತದೆ. ನಾವು ಒಂದೊಂದು ಬದಿಗೆ ಒಂದು ಬ್ಲೇಡ್ ಹೆಚ್ಚಿಸಿದ ಮೇಲೆ ಆ ವಾಲಾಟ ಗಮನಕ್ಕೆ ಬರುವಷ್ಟು ಕಡಿಮೆಯಾಯಿತು. ಆದ್ದರಿಂದ ಸೇರಿಸಲೇಬಾರದು ಎಂಬುದಕ್ಕೆ ನನ್ನ ಒಪ್ಪಿಗೆಯಿಲ್ಲ.

ಆದರೆ ಎರಡು ಸೇರಿಸಿದವರ ಪಾಡನ್ನೂ ನೋಡಿದ್ದೇನೆ. ಅರ್ಧ ಲೋಡಿನಲ್ಲಿ ಹೊರಟಾಗ ಬ್ಲೇಡು ಬಾಗುವುದೇ ಇಲ್ಲ, ರಸ್ತೆಯ ಪ್ರತಿ ಹೊಡೆತವೂ ನೇರವಾಗಿ ಕೆಳಗಿನ ಸಾಲಿನ ಕ್ರೇಟುಗಳಿಗೆ ತಾಗುತ್ತದೆ. ಹದವಾಗಿ ಹಣ್ಣಾದ ಮಾಲಾದರೆ ಮಂಡಿಗೆ ತಲುಪುವ ಹೊತ್ತಿಗೆ ಅಡಿಯ ಸಾಲಿನಿಂದ ರಸ ಸೋರುತ್ತಿರುತ್ತದೆ, ದರ ಕೂಗುವವನು ಆ ಸಾಲನ್ನೇ ಎತ್ತಿ ತೋರಿಸುತ್ತಾನೆ. ಖಾಲಿ ಗಾಡಿಯಲ್ಲಿ ವಾಪಸು ಬರುವಾಗಲಂತೂ ಹಿಂದಿನ ಚಕ್ರಗಳು ನೆಲ ಬಿಟ್ಟು ಕುಣಿಯುತ್ತವೆ. ಮಳೆಯಲ್ಲಿ ಬ್ರೇಕ್ ಹಾಕಿದರೆ ಹಿಂಭಾಗ ಪಕ್ಕಕ್ಕೆ ಸರಿಯುತ್ತದೆ. ತಮ್ಮ ಕಡೆಯ ಮಳೆಗೆ ಇದು ಇನ್ನೂ ಅಪಾಯ.

ನನ್ನ ಸಲಹೆಯೆಂದರೆ ಹೆಲ್ಪರ್ ಬ್ಲೇಡ್. ಅದು ಲೋಡ್ ಬಿದ್ದು ಗಾಡಿ ಒಂದಿಷ್ಟು ಕುಸಿದ ಮೇಲೆಯೇ ತಗುಲಿ ಕೆಲಸ ಶುರುಮಾಡುತ್ತದೆ, ಖಾಲಿಯಿದ್ದಾಗ ಸುಮ್ಮನೆ ಇರುತ್ತದೆ. ಮೊದಲೇ ಇದ್ದ ಹೆಲ್ಪರ್ ಬ್ಲೇಡನ್ನು ಹಿಂದೆ ಯಾರೋ ಬಿಚ್ಚಿಸಿ ಎಸೆದ ಗಾಡಿಗಳೂ ಉಂಟು. ಹಳೆಯ ಗಾಡಿ ಕೊಂಡಿದ್ದರೆ ಮೊದಲು ಅದು ತನ್ನ ಜಾಗದಲ್ಲಿದೆಯೇ ಎಂದು ನೋಡಿಕೊಳ್ಳಿ.

ನೀರಿನ ಟ್ಯಾಂಕಿನ ಮಾತು ಬೇರೆ. ಸಾವಿರ ಲೀಟರ್ ನೀರೆಂದರೆ ಸರಿಯಾಗಿ ಒಂದು ಟನ್. ಟ್ಯಾಂಕು ಅರ್ಧ ತುಂಬಿದ್ದರೆ ತಿರುವಿನಲ್ಲಿ ನೀರೆಲ್ಲ ಒಂದೇ ಬದಿಗೆ ನುಗ್ಗುತ್ತದೆ, ಅದಕ್ಕೆ ಯಾವ ಬ್ಲೇಡೂ ಮದ್ದಲ್ಲ. ಪೂರ್ತಿ ತುಂಬಿದ ಚಿಕ್ಕ ಟ್ಯಾಂಕು ಅರ್ಧ ತುಂಬಿದ ದೊಡ್ಡದಕ್ಕಿಂತ ಒಳ್ಳೆಯದು.

ಕಾಫಿ ತೋಟ, ಮಡಿಕೇರಿ

ಗಾಳಿ ಚೀಲದ ಬಗ್ಗೆ ಯಾರೂ ಬರೆದಿಲ್ಲವಾದ್ದರಿಂದ ನಾಲ್ಕು ಮಾತು. ನಮ್ಮ ಡಬಲ್ ಕ್ಯಾಬ್ ಪಿಕಪ್ಪಿಗೆ ಅದನ್ನು ಹಾಕಿಸಿದ್ದೇವೆ. ಆಕ್ಸಲ್ಲಿಗೂ ಚಾಸಿಗೂ ನಡುವೆ ಎರಡೂ ಬದಿಯಲ್ಲಿ ಒಂದೊಂದು ಚೀಲ ಕೂರುತ್ತದೆ. ಕಾಫಿ ಚೀಲಗಳನ್ನು ಹೇರಿದಾಗ ಗಾಳಿ ತುಂಬಿಸಿ ಮಟ್ಟಕ್ಕೆ ತರಬಹುದು, ಖಾಲಿಯಾದಾಗ ಕನಿಷ್ಠ ಮಟ್ಟಕ್ಕೆ ಇಳಿಸಬಹುದು. ಮನೆಮಂದಿ ಕೂತು ಓಡಾಡುವ ಗಾಡಿಗೆ ಇದು ಬಹಳ ಅನುಕೂಲ. ಎರಡೂ ಬದಿಗೆ ಪ್ರತ್ಯೇಕ ಪೈಪು ಇರುವಂತೆ ನೋಡಿಕೊಳ್ಳಬೇಕು. ಎರಡನ್ನೂ ಒಂದೇ ಪೈಪಿಗೆ ಜೋಡಿಸಿದರೆ ತಿರುವಿನಲ್ಲಿ ಭಾರ ಬಿದ್ದ ಬದಿಯ ಗಾಳಿ ಇನ್ನೊಂದು ಬದಿಗೆ ಹರಿದು ಗಾಡಿ ಮತ್ತಷ್ಟು ವಾಲುತ್ತದೆ. ಇನ್ನೊಂದು ಎಚ್ಚರವೆಂದರೆ, ಬ್ಲೇಡು ಚಾಸಿಗೆ ಹಿಂದೆ ಮುಂದೆ ಎರಡು ಕಡೆ ಭಾರವನ್ನು ಹಂಚುತ್ತದೆ, ಚೀಲವಾದರೋ ಆಕ್ಸಲ್ಲಿನ ನೇರ ಮೇಲೆ ಒಂದೇ ಜಾಗದಲ್ಲಿ ಒತ್ತುತ್ತದೆ. ದಿನವೂ ಜಂಬಿಟ್ಟಿಗೆ ಹೊರುವ ಗಾಡಿಯ ಚಾಸಿಗೆ ಅದು ಹಿತವಲ್ಲ. ನಮ್ಮಲ್ಲಿ ಕೆಲಸ ಮಾಡಿದ್ದು ನಿಮ್ಮಲ್ಲಿ ಮಾಡೀತೆಂದು ನಾನು ಹೇಳಲಾರೆ.

ಕಾಗದಪತ್ರದವರು, ಹುಬ್ಬಳ್ಳಿ

ಸಾಗಣೆ ವಾಹನಗಳ ದಾಖಲೆ ಕೆಲಸ ನೋಡಿಕೊಳ್ಳುವವನು ನಾನು. ಆರ್‌ಸಿಯಲ್ಲಿ ಎರಡು ತೂಕಗಳನ್ನು ಬರೆದಿರುತ್ತಾರೆ: ಖಾಲಿ ಗಾಡಿಯದು ಒಂದು, ಲೋಡ್ ಸಮೇತ ಒಟ್ಟು ತೂಕದ ಮಿತಿ ಇನ್ನೊಂದು. ಎರಡನೆಯದು ತಯಾರಕರು ಪ್ರಮಾಣೀಕರಿಸಿದ ತೂಕ. ಗ್ಯಾರೇಜಿನಲ್ಲಿ ಎಷ್ಟು ಬ್ಲೇಡ್ ಸೇರಿಸಿದರೂ ಅದು ಒಂದು ಕಿಲೋ ಸಹ ಏರುವುದಿಲ್ಲ. ಮೋಟಾರು ವಾಹನ ಕಾಯ್ದೆ, 1988ರ 113ನೇ ಸೆಕ್ಷನ್ ಪ್ರಕಾರ ಆ ಮಿತಿಯನ್ನು ಮೀರಿ ಗಾಡಿ ಓಡಿಸುವಂತಿಲ್ಲ. ಮೀರಿದರೆ 194ನೇ ಸೆಕ್ಷನ್ನಿನಲ್ಲಿ, 2019ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯಂತೆ, 20,000 ರೂಪಾಯಿ ಮತ್ತು ಹೆಚ್ಚುವರಿ ಪ್ರತಿ ಟನ್ನಿಗೆ 2,000 ರೂಪಾಯಿ ದಂಡವಿದೆ. ಹೆಚ್ಚಿನ ಮಾಲನ್ನು ಅಲ್ಲಿಯೇ ಇಳಿಸುವ ಖರ್ಚೂ ಗಾಡಿಯವರದೇ, ಇಳಿಸುವ ತನಕ ಗಾಡಿಯನ್ನು ಬಿಡುವಂತಿಲ್ಲ. ಜಂಬಿಟ್ಟಿಗೆಯಲ್ಲಿ ನಾಲ್ಕು ನೂರು ಕಿಲೋ ಹೆಚ್ಚು ಹಾಕಿ ಉಳಿಸುವ ಬಾಡಿಗೆಯನ್ನೂ ಈ ಮೊತ್ತವನ್ನೂ ಅಕ್ಕಪಕ್ಕ ಇಟ್ಟು ನೋಡಿ.

ಮಾರ್ಪಾಡಿನ ವಿಷಯಕ್ಕೆ 52ನೇ ಸೆಕ್ಷನ್ ಇದೆ. ಆರ್‌ಸಿಯಲ್ಲಿರುವ ವಿವರಗಳು ತಯಾರಕರು ಮೂಲದಲ್ಲಿ ನಿಗದಿಪಡಿಸಿದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸಬಾರದು ಎಂಬುದು ಅದರ ಸಾರ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದ ಪ್ರಕರಣವೊಂದರಲ್ಲಿ ಇದನ್ನು ಎತ್ತಿಹಿಡಿದಿದೆ. ಹಳೆಯ ಬ್ಲೇಡ್ ತೆಗೆದು ಅದೇ ಅಳತೆಯ ಹೊಸದನ್ನು ಹಾಕುವುದು ರಿಪೇರಿ, ಅದಕ್ಕೆ ಯಾವ ತಕರಾರೂ ಇಲ್ಲ. ಹಲಗೆ ಎತ್ತರಿಸುವುದು, ಬಾಡಿ ಉದ್ದ ಮಾಡುವುದು, ಚಾಸಿಗೆ ತುಂಡು ಬೆಸೆಯುವುದು ಇವು ಇನ್‌ಸ್ಪೆಕ್ಟರ ಕಣ್ಣಿಗೆ ಮೊದಲು ಬೀಳುವಂಥವು. ಗಾಡಿಗೆ ಎಂಟು ವರ್ಷ ತುಂಬುವವರೆಗೆ ಎರಡು ವರ್ಷಕ್ಕೊಮ್ಮೆ ಇದ್ದ ಎಫ್‌ಸಿ ಅನಂತರ ಪ್ರತಿ ವರ್ಷವೂ ಬರುತ್ತದೆ, ತಮ್ಮ ಗಾಡಿ ಆ ಹೊಸ್ತಿಲಲ್ಲೇ ಇದೆ. ಅಪಘಾತವಾದಾಗ ವಿಮೆಯವರು ಮೊದಲು ಕೇಳುವ ಕಾಗದಗಳಲ್ಲಿ ಲೋಡಿನ ಬಿಲ್ಲೂ ಒಂದು ಎಂಬುದನ್ನು ನೆನಪಿನಲ್ಲಿಡಿ.

ತೀರ್ಥಹಳ್ಳಿ ತೋಟಿಗ

ಇಷ್ಟು ವಿವರವಾಗಿ ಬರೆದ ತಮಗೆಲ್ಲರಿಗೂ ವಂದನೆಗಳು. ತಾವು ಹೇಳಿದಂತೆ ಅಳೆದು ನೋಡಿದೆವು. ಖಾಲಿಯಿರುವಾಗ ಎಡಬದಿ ಬಲಬದಿಗಿಂತ ಎರಡು ಸೆಂಟಿಮೀಟರ್ ತಗ್ಗಿದೆ. ತೊಳೆದು ನೋಡಿದಾಗ ಎಡಬದಿಯ ಮೂರನೆಯ ಬ್ಲೇಡು ಸೆಂಟರ್ ಬೋಲ್ಟಿನ ಹತ್ತಿರ ಕಟ್ಟಾಗಿರುವುದು ಕಂಡಿತು. ಚಾಸಿಯಲ್ಲಿ ಗೆರೆಯೇನೂ ಇಲ್ಲ. ಆಮೇಲೆ ಜಂಬಿಟ್ಟಿಗೆ ತುಂಬಿದ ಗಾಡಿಯನ್ನು ವೇ ಬ್ರಿಡ್ಜಿಗೆ ಒಯ್ದು ಒಟ್ಟು ತೂಕವನ್ನೂ, ಮುಂದಿನ ಚಕ್ರಗಳನ್ನು ಮಾತ್ರ ಹತ್ತಿಸಿ ಮುಂದಿನ ತೂಕವನ್ನೂ ಬರೆದುಕೊಂಡೆವು. ಆರ್‌ಸಿ ಪ್ರಕಾರ ಖಾಲಿ ತೂಕ 1,760 ಕಿಲೋ, ಒಟ್ಟು ಮಿತಿ 3,460 ಕಿಲೋ. ವೇ ಬ್ರಿಡ್ಜಿನಲ್ಲಿ ಬಂದದ್ದು ಒಟ್ಟು 3,880, ಮುಂದಿನದು 1,080, ಹಿಂದಿನದು 2,800. ಖಾಲಿಯಿದ್ದಾಗ ಮುಂದೆ 980, ಹಿಂದೆ 780 ಇತ್ತು. ಹಿಂದಿನ ಟೈರುಗಳ ಮೇಲೆ 115 ಎಂದು ಬರೆದಿದೆ. ಕಲ್ಲನ್ನು ನಮ್ಮ ಕಡೆ ಎಣಿಕೆಯ ಮೇಲೆ ತುಂಬುವುದು ರೂಢಿ, ತೂಕದ ಮೇಲಲ್ಲ. ಮಳೆಯಲ್ಲಿ ನೆನೆದ ಜಂಬಿಟ್ಟಿಗೆ ನೀರು ಹೀರಿ ಇನ್ನೂ ಭಾರವಾಗುತ್ತದೆ. ಈ ಅಂಕಿಗಳನ್ನು ನೋಡಿ ಏನು ಮಾಡಬೇಕೆಂದು ದಯವಿಟ್ಟು ಹೇಳಿ.

ಮೆಕ್ಯಾನಿಕಲ್ ಮೇಷ್ಟ್ರು, ಹಾಸನ

ಈ ಅಂಕಿಗಳು ಬಹಳ ಉಪಯುಕ್ತ. ತಾವು ಹೇರಿದ್ದು 2,120 ಕಿಲೋ, ಅಂದರೆ ಮಿತಿಗಿಂತ 420 ಕಿಲೋ ಹೆಚ್ಚು. ಅದರಲ್ಲಿ ಮುಂದಿನ ಚಕ್ರಗಳಿಗೆ ಸಿಕ್ಕಿದ್ದು ಬರಿಯ 100 ಕಿಲೋ, ಉಳಿದ 2,020 ಕಿಲೋ ಪೂರ್ತಿ ಹಿಂದಕ್ಕೆ ಬಿದ್ದಿದೆ. 115ರ ಎರಡು ಟೈರುಗಳು ಒಟ್ಟಿಗೆ 2,430 ಕಿಲೋ ಹೊರಬಲ್ಲವು, ತಮ್ಮ ಹಿಂದಿನ ಆಕ್ಸಲ್ಲಿನ ಮೇಲಿದ್ದದ್ದು 2,800. ಬ್ಲೇಡಿಗಿಂತ ಮೊದಲು ಟೈರುಗಳೇ ಮಿತಿ ಮೀರಿದ್ದವು.

ಸ್ಟಿಯರಿಂಗ್ ಹಗುರವಾದದ್ದಕ್ಕೂ ಉತ್ತರ ಇದರಲ್ಲೇ ಇದೆ. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ ಸುಮಾರು ಮೂರು ಮೀಟರ್ ಅಂತರವಿದೆ ಎಂದುಕೊಂಡರೆ, ಲೋಡಿನ ನಟ್ಟನಡುವಿನ ಭಾರ ಹಿಂದಿನ ಆಕ್ಸಲ್ಲಿಗಿಂತ ಕೇವಲ 14 ಸೆಂಟಿಮೀಟರ್ ಮುಂದಿದೆ. ಹಾಗಾಗಿ ಒಟ್ಟು ತೂಕ ಎರಡರಷ್ಟಕ್ಕಿಂತ ಹೆಚ್ಚಾದರೂ ಮುಂದಿನ ಚಕ್ರಗಳು ಹೆಚ್ಚುಕಡಿಮೆ ಖಾಲಿ ಗಾಡಿಯಲ್ಲಿದ್ದ ಭಾರದಲ್ಲೇ ಉಳಿದಿವೆ, ಅಷ್ಟೂ ಗಾಡಿಯನ್ನು ತಿರುಗಿಸುವ ಕೆಲಸ ಮಾತ್ರ ಅವುಗಳದ್ದೇ. ಮಾಲನ್ನು 1,700 ಕಿಲೋಗೆ ಇಳಿಸಿ, ಕ್ಯಾಬಿನ್ನಿನ ಕಡೆಯಿಂದ ಒತ್ತಾಗಿ ಜೋಡಿಸಿ ಅದರ ನಡುಭಾರವನ್ನು ಹಿಂದಿನ ಆಕ್ಸಲ್ಲಿಗಿಂತ 30 ಸೆಂಟಿಮೀಟರ್ ಮುಂದಿರುವಂತೆ ತಂದರೆ, ಹತ್ತನೇ ಒಂದು ಭಾಗವಾದ 170 ಕಿಲೋ ಮುಂದಿನ ಚಕ್ರಗಳಿಗೆ ಹೋಗಿ ಅಲ್ಲಿ 1,150 ಆಗುತ್ತದೆ. ಹಿಂದೆ 2,310 ಉಳಿಯುತ್ತದೆ, ಟೈರಿನ ಮಿತಿಯೊಳಗೆ ಬರುತ್ತದೆ. ಹಿಂದಿನ ಡಾಲಾ ಬಾಗಿಲು ತೆರೆದು ಅದರ ಮೇಲೂ ಕಲ್ಲು ಪೇರಿಸುವ ರೂಢಿಯಿದ್ದರೆ ಅದನ್ನು ಮೊದಲು ಬಿಡಿ. ಆಕ್ಸಲ್ಲಿನಿಂದ ಹಿಂದಕ್ಕೆ ಇಟ್ಟ ಪ್ರತಿಯೊಂದು ಕಲ್ಲೂ ಮುಂದಿನ ಚಕ್ರಗಳನ್ನು ಮೇಲಕ್ಕೆ ಎತ್ತುತ್ತದೆ.

ದಿನವೂ ಎರಡು ಟನ್ ಸಾಗಿಸುವ ಕೆಲಸ ನಿಜವಾಗಿಯೂ ಇದ್ದರೆ ಅದಕ್ಕೆಂದೇ ತಯಾರಾದ ಗಾಡಿಗಳು ಬಂದಿವೆ. 2022ರಲ್ಲಿ ಬಂದ ಟಾಟಾ ಯೋಧಾ 2.0, 2023ರ ಬೊಲೆರೊ ಮ್ಯಾಕ್ಸ್ ಪಿಕಪ್ಪಿನ ಎಚ್‌ಡಿ 2.0 ಇವೆರಡೂ 2,000 ಕಿಲೋ ವರ್ಗದವು. ಅಂತಹ ಗಾಡಿಗಳಲ್ಲಿ ಬ್ಲೇಡಿನ ಜೊತೆಗೆ ಆಕ್ಸಲ್, ಟೈರು, ಬ್ರೇಕುಗಳೂ ಆ ಭಾರಕ್ಕೆ ಹೊಂದಿಕೊಂಡಿರುತ್ತವೆ, ಆರ್‌ಸಿಯಲ್ಲಿಯೂ ಅಷ್ಟೇ ಬರೆದಿರುತ್ತದೆ.

ಬ್ಲೇಡ್ ಕೆಲಸದವ, ಶಿವಮೊಗ್ಗ

ಹಾಗಾದರೆ ಕೆಲಸ ಸ್ಪಷ್ಟವಾಯಿತು. ಕಟ್ಟಾದ ಒಂದೇ ಬ್ಲೇಡನ್ನು ಬದಲಾಯಿಸಲು ಹೋಗಬೇಡಿ. ಸೋತ ಐದರ ನಡುವೆ ಹೊಸದೊಂದು ಸೇರಿದರೆ ಅದರ ಮೇಲೆಯೇ ಭಾರ ಬಿದ್ದು ಬೇಗ ಹೋಗುತ್ತದೆ. ಎರಡೂ ಬದಿಗೆ ಮೂಲ ಅಳತೆಯ ಹೊಸ ಸೆಟ್, ಹೊಸ ಬುಷ್, ಹೊಸ ಯು ಬೋಲ್ಟ್ ಹಾಕಿಸಿ. ಹೆಲ್ಪರ್ ಬ್ಲೇಡ್ ಇದೆಯೇ, ಅದು ಚಪ್ಪಟೆಯಾಗಿ ಮಲಗಿದೆಯೇ ನೋಡಿ. ಮಲಗಿದ್ದರೆ ಅದನ್ನೂ ಬದಲಾಯಿಸಿ. ಕೋಲಾರದವರು ಹೇಳಿದ ಹೆಚ್ಚುವರಿ ಬ್ಲೇಡನ್ನು ನಿಮ್ಮ ಗಾಡಿಗೆ ನಾನಂತೂ ಹಾಕುವುದಿಲ್ಲ. ನೀವು ಹೊರುವ ಕಲ್ಲು, ಗೊಬ್ಬರ, ಅಡಿಕೆ ಇವೆಲ್ಲ ತಗ್ಗಿನಲ್ಲಿ ಕೂರುವ ಮಾಲು, ಅವರಂತೆ ಎತ್ತರಕ್ಕೆ ಪೇರಿಸುವುದಲ್ಲ.

ಯು ಬೋಲ್ಟನ್ನು ಬಿಗಿಯುವಾಗ ಗಾಡಿಯ ತೂಕ ಚಕ್ರಗಳ ಮೇಲೆಯೇ ಇರಬೇಕು, ಜಾಕಿನ ಮೇಲೆ ತೂಗಾಡುತ್ತಿರಬಾರದು. ನಾಲ್ಕು ನಟ್ಟುಗಳನ್ನೂ ಅಡ್ಡಡ್ಡವಾಗಿ, ಸ್ವಲ್ಪ ಸ್ವಲ್ಪವೇ, ಟಾರ್ಕ್ ರೆಂಚಿನಿಂದ ಸರ್ವಿಸ್ ಪುಸ್ತಕದ ಅಳತೆಗೆ ಬಿಗಿಸಿ. ಒಂದೆರಡು ಲೋಡ್ ಹೊಡೆದ ಮೇಲೆ ಬ್ಲೇಡುಗಳು ಒಂದಕ್ಕೊಂದು ಕೂತು ಬಿಗಿ ಸಡಿಲವಾಗಿರುತ್ತದೆ, ಆಗ ಮತ್ತೊಮ್ಮೆ ಬಿಗಿಸಲೇಬೇಕು. ಸೆಂಟರ್ ಬೋಲ್ಟ್ ತುಂಡಾಗಿ ಆಕ್ಸಲ್ ಹಿಂದಕ್ಕೆ ಸರಿದು ಬರುವ ಗಾಡಿಗಳಲ್ಲಿ ಬಹುಪಾಲು ಈ ಎರಡನೆಯ ಬಿಗಿತ ಮಾಡಿಸದವೇ.

ಓದುಗ, ಸಿರ್ಸಿ

ನಡುವೆ ಒಂದು ಪ್ರಶ್ನೆ. ನಮ್ಮ ಗಾಡಿಯ ಹಿಂಬದಿಯಲ್ಲಿ ಬ್ಲೇಡುಗಳು ಎರಡೋ ಮೂರೋ ಅಷ್ಟೇ ಇವೆ, ನಡುವೆ ದಪ್ಪ, ತುದಿಗೆ ತೆಳು. ಒಂದಕ್ಕೊಂದು ನಡುವೆ ಜಾಗವಿದೆ. ಇದಕ್ಕೂ ಬ್ಲೇಡ್ ಸೇರಿಸುವ ಮಾತು ಹೊಂದುತ್ತದೆಯೇ?

ಬ್ಲೇಡ್ ಕೆಲಸದವ, ಶಿವಮೊಗ್ಗ

ಅದು ಪ್ಯಾರಾಬೋಲಿಕ್ ಬ್ಲೇಡ್. ಅವು ನಡುವಿನಲ್ಲಿ ಮತ್ತು ತುದಿಗಳಲ್ಲಿ ಮಾತ್ರ ಒಂದಕ್ಕೊಂದು ತಗುಲಬೇಕು. ನಡುವೆ ಸಾಮಾನ್ಯ ಬ್ಲೇಡ್ ತುರುಕಿದರೆ ಅದು ತಗುಲಬಾರದ ಜಾಗದಲ್ಲಿ ತಗುಲಿ, ಅಲ್ಲಿಂದಲೇ ಬಿರುಕು ಹೊರಡುತ್ತದೆ. ಅದಕ್ಕೆ ಏನನ್ನೂ ಸೇರಿಸಬೇಡಿ, ಕೆಟ್ಟಿದ್ದರೆ ಪೂರ್ತಿ ಸೆಟ್ಟನ್ನೇ ಬದಲಾಯಿಸಿ.

ತೀರ್ಥಹಳ್ಳಿ ತೋಟಿಗ

ಹೊಸ ಸೆಟ್ಟಿಗೆ ಹೇಳಿ ಬಂದಿದ್ದೇವೆ. ಮೇಷ್ಟ್ರು ಹೇಳಿದ ಬ್ರೇಕಿನ ವಾಲ್ವು ನಮ್ಮ ಗಾಡಿಯಲ್ಲಿ ಇದೆ, ಅದರ ಸರಳು ತುಕ್ಕು ಹಿಡಿದು ಅಲುಗುತ್ತಲೇ ಇಲ್ಲವೆಂದು ಮೆಕ್ಯಾನಿಕ್ ತೋರಿಸಿದರು. ಬ್ಲೇಡ್ ಕೆಲಸದ ಜೊತೆಗೆ ಅದನ್ನೂ ಹೊಸದಾಗಿ ಹಾಕಿಸಿ, ಹೆಡ್‌ಲೈಟನ್ನು ಲೋಡ್ ಇರುವಾಗಲೇ ಗೋಡೆಗೆ ಬಿಟ್ಟು ಹೊಂದಿಸಬೇಕೋ ಖಾಲಿಯಿರುವಾಗಲೋ?

ಮೆಕ್ಯಾನಿಕಲ್ ಮೇಷ್ಟ್ರು, ಹಾಸನ

ತಮ್ಮ ಗಾಡಿಯ ಡ್ಯಾಶ್‌ಬೋರ್ಡಿನಲ್ಲಿ ಬೆಳಕಿನ ಎತ್ತರ ಬದಲಿಸುವ ಚಕ್ರವಿದ್ದರೆ ಖಾಲಿಯಿರುವಾಗ ಅದನ್ನು ಸೊನ್ನೆಗೆ ಇಟ್ಟು ಹೊಂದಿಸಿ, ಲೋಡ್ ಹಾಕಿದಾಗ ಚಕ್ರ ತಿರುಗಿಸಿ ಬೆಳಕನ್ನು ಇಳಿಸಿಕೊಳ್ಳಿ. ಅದಿಲ್ಲದಿದ್ದರೆ, ರಾತ್ರಿ ಹೆಚ್ಚಾಗಿ ಲೋಡಿನಲ್ಲೇ ಓಡುವ ಗಾಡಿಯಾದ್ದರಿಂದ, ಮಿತಿಯೊಳಗಿನ ಲೋಡ್ ತುಂಬಿಸಿ ಹೊಂದಿಸುವುದು ಸರಿ. ವಾಲ್ವನ್ನು ಮಾತ್ರ ಸರ್ವಿಸ್ ಪುಸ್ತಕದಲ್ಲಿ ಯಾವ ಸ್ಥಿತಿಯಲ್ಲಿ ಅಳೆಯಬೇಕೆಂದು ಬರೆದಿದೆಯೋ ಅದೇ ಸ್ಥಿತಿಯಲ್ಲಿ, ಹೊಸ ಬ್ಲೇಡುಗಳನ್ನು ಕೂರಿಸಿದ ಮೇಲೆ ಹೊಂದಿಸಲಿ.